ಮಸಿಬಟ್ಟೆಯ ಬೆಲೆ

ಅಡಿಗೆಮನೆಯ ಸಾಮಾನುಗಳ ಪಟ್ಟಿಯನ್ನು ಯಾರಾದರೂ ಬರೆಯಲು ಕುಳಿತರೆ ಕಟ್ಟಕಡೆಗೂ ನೆನಪಿಗೆ ಬಾರದ ವಸ್ತು ಮಸಿಬಟ್ಟೆ. ಸೌಟಿಗೆ ಗೂಟವಿದೆ, ಒರಳಿಗೆ ಮೂಲೆಯಿದೆ; ಮಸಿಬಟ್ಟೆಗೆ ಮಾತ್ರ ಗೊತ್ತಾದ ನೆಲೆಯಿಲ್ಲ. ಆದರೂ ಹಾಲು ಉಕ್ಕುವ ಗಳಿಗೆಯಲ್ಲಿ ಮನೆಯವರೆಲ್ಲ ಕೂಗಿ ಹುಡುಕುವುದು ಅದನ್ನೇ. ಸೌದೆಯೊಲೆಯ ಕಾಲದಲ್ಲಿ ಪಾತ್ರೆಯ ತಳದ ಕಪ್ಪನ್ನೆಲ್ಲ ಮೈಗೆ ಬಳಿದುಕೊಂಡು, ಹೆಸರನ್ನೂ ಆ ಕಪ್ಪಿನಿಂದಲೇ ಪಡೆದ ಈ ಬಟ್ಟೆ, ಗ್ಯಾಸಿನ ಒಲೆ ಬಂದು ಮಸಿ ಹೋದ ಮೇಲೂ ಅದೇ ಹೆಸರಿನಿಂದ ಉಳಿದಿದೆ. ಉತ್ತರದ ಕಡೆ ಬಟ್ಟೆ ‘ಅರಿವೆ’ಯಾಗುವುದರಿಂದ ಅಲ್ಲಿ ಇದು ಮಸಿಅರಿವೆ.

ಹಳೆಯ ಪಂಚೆಯ ತುಂಡಾಗಿದ್ದ ಈ ವಸ್ತು ಈಗ ಹೊಲಿಗೆಯ ಮರ್ಯಾದೆಯನ್ನು ಪಡೆದಿದೆ. ದರ್ಜಿಯ ಅಂಗಡಿಯಲ್ಲಿ ರವಿಕೆ ಕತ್ತರಿಸಿ ಉಳಿದ ಚೂರುಗಳನ್ನು ಆಯ್ದು, ಬಣ್ಣಕ್ಕೆ ಬಣ್ಣ ಹೊಂದಿಸಿ, ಒಂದು ಗೇಣು ಚೌಕಕ್ಕೆ ಜೋಡಿಸಿ, ನಡುವೆ ಹಳೆಯ ಟವೆಲಿನ ಎರಡು ಪದರ ಇಟ್ಟು, ಸುತ್ತಲೂ ಪಟ್ಟಿ ಕೊಟ್ಟು, ಮೂಲೆಯಲ್ಲಿ ನೇತುಹಾಕಲು ಒಂದು ಕುಣಿಕೆ ಇಟ್ಟರೆ ಮುಗಿಯಿತು. ಮುಗಿಯಿತೆಂದು ಹೇಳುವುದು ಸುಲಭ. ಈ ಚೌಕಕ್ಕೂ ಒಂದು ಶಾಸ್ತ್ರವಿದೆ. ಶಾಖವನ್ನು ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಅದರ ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದಲೇ ಒತ್ತೊತ್ತಾಗಿ ಹೊಲಿಗೆ ಹಾಕಿ ಪದರಗಳನ್ನು ಹಲಗೆಯಂತೆ ಅಮುಕಿದರೆ ನೋಟಕ್ಕೆ ಚೆನ್ನಾದರೂ ಕೈ ಸುಡುತ್ತದೆ. ಒದ್ದೆಯಾದ ಮಸಿಬಟ್ಟೆ ಇನ್ನೂ ಅಪಾಯಕಾರಿ. ಗಾಳಿಯಿದ್ದ ಜಾಗವನ್ನು ನೀರು ತುಂಬಿದೊಡನೆ ಶಾಖ ನೇರವಾಗಿ ಬೆರಳಿಗೆ ಹರಿಯುತ್ತದೆ, ಮೇಲೆ ಹಬೆಯ ಕಾಟ ಬೇರೆ. ಇನ್ನು ಮಿರಮಿರನೆ ಮಿನುಗುವ ನೈಲಾನು, ಪಾಲಿಯೆಸ್ಟರ್ ಚೂರುಗಳನ್ನಂತೂ ಹತ್ತಿರ ಸೇರಿಸಲೇಬಾರದು. ಬಿಸಿ ತಾಗಿದರೆ ಅವು ಕರಗಿ ಚರ್ಮಕ್ಕೆ ಅಂಟುತ್ತವೆ. ದರ್ಜಿಯ ಮೂಟೆಯಲ್ಲಿ ಇಂದು ಹೆಚ್ಚಾಗಿ ದೊರೆಯುವುದು ಅಂಥವೇ. ಅಪ್ಪಟ ಹತ್ತಿಯ ಚೂರುಗಳನ್ನು ಬೇರೆ ಮಾಡುವುದರಲ್ಲಿಯೇ ಅರ್ಧ ಮಧ್ಯಾಹ್ನ ಕಳೆಯುತ್ತದೆ.

ಹೀಗೆ ಹೊಲಿದದ್ದನ್ನು ಕೊಡುವಾಗ ಯಾವ ತೊಡಕೂ ಇಲ್ಲ. ಮದುವೆಯಾಗಿ ಹೊಸ ಮನೆ ಹೂಡಿದ ಸೋದರ ಸೊಸೆಗೆ ಒಂದು ಜೊತೆ, ಪಕ್ಕದ ಮನೆಯವರಿಗೆ ಒಂದು ಜೊತೆ. ಪಡೆದವರು ಬಣ್ಣವನ್ನು ಹೊಗಳುತ್ತಾರೆ, ‘ಇದು ನಿಮ್ಮ ಆ ಹಸಿರು ರವಿಕೆಯದಲ್ಲವೆ?’ ಎಂದು ಗುರುತು ಹಿಡಿಯುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ. ತೊಡಕು ಪ್ರಾರಂಭವಾಗುವುದು ಅದೇ ಜೊತೆಯನ್ನು ಸ್ತ್ರೀಸಂಘದ ಮೇಳದಲ್ಲಿ ಮೇಜಿನ ಮೇಲೆ ಇಟ್ಟಾಗ. ಕೊಳ್ಳುವವರು ಕೈಗೆತ್ತಿಕೊಂಡು ತಿರುವಿ ನೋಡಿ, ‘ಚೂರುಬಟ್ಟೆಯದಲ್ಲವೆ, ಇಷ್ಟೇಕೆ?’ ಎಂದು ಕೇಳುತ್ತಾರೆ. ಹೊಲಿದಾಕೆಯೂ ಅದಕ್ಕೆ ಒಪ್ಪಿ ತಲೆ ತಗ್ಗಿಸುತ್ತಾಳೆ. ಬಟ್ಟೆ ಪುಕ್ಕಟೆಯಾಗಿ ಬಂತು, ನಿಜ. ಕಣ್ಣು, ಬೆನ್ನು, ಎರಡು ಗಂಟೆಯ ಹೊತ್ತು ಇವೂ ಪುಕ್ಕಟೆಯಾಗಿ ಬಂದವೆಂದು ಇಬ್ಬರೂ ಸೇರಿ ತೀರ್ಮಾನಿಸಿದಂತಾಯಿತು. ಇಲ್ಲಿ ಕೊಳ್ಳುವವರನ್ನಷ್ಟೇ ದೂರುವುದು ನ್ಯಾಯವಲ್ಲ. ಮನೆಯಲ್ಲಿ ಎಂದೂ ಬೆಲೆ ಕಟ್ಟದ ಕೆಲಸಕ್ಕೆ ಸಂತೆಯಲ್ಲಿ ಬೆಲೆ ಹೇಳುವುದು ಆಕೆಗೂ ಅಭ್ಯಾಸವಿಲ್ಲ.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಕೌದಿಯ ಪದ್ಧತಿ ಹೆಚ್ಚು ಸ್ಪಷ್ಟವಾಗಿತ್ತು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಸೂಜಿ ಹಾಯಿಸಿ ಹೊಲಿದ ಹೊದಿಕೆಯೇ ಕೌದಿ. ಮನೆಯ ಹಿರಿಯಳು ಮೊಮ್ಮಗುವಿಗಾಗಿ ಹೊಲಿದ ಕೌದಿ ಬೇರೆ. ಅದಕ್ಕೆ ಬೆಲೆಯ ಮಾತೇ ಇಲ್ಲ. ಆದರೆ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು, ಇಂದೂ ಅಲ್ಲಲ್ಲಿ ಇದ್ದಾರೆ. ಬಟ್ಟೆ ಮನೆಯವರದು, ಹೊಲಿಗೆ ಅವರದು. ಅರಿವೆಯ ಬೆಲೆಯ ಮಾತು ನಡುವೆ ಬಾರದೆ ಇರುವುದರಿಂದ ಕೊಡುವುದೆಲ್ಲ ಕೈಗೆ, ಸೂಜಿಗೆ, ದಿನಗಳಿಗೆ. ಕೂಲಿ ಕಡಿಮೆಯಿದ್ದಿರಬಹುದು, ಆದರೆ ಅದು ಯಾವುದರ ಕೂಲಿ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯುವುದು ಇದರ ಬಂಧುವಾದ ಕವಂದಿ. ಆಫ್ರಿಕಾದ ಮೂಲದ ಈ ಜನರ ಹೊದಿಕೆಗಳಲ್ಲಿ ಬಣ್ಣದ ತುಂಡುಗಳು ಮೂಲೆಯಿಂದ ಹೊರಟು ಅಂಚನ್ನು ಸುತ್ತುತ್ತ ನಡುವಿಗೆ ಬಂದು ಸೇರುತ್ತವೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳನ್ನು ಇಡುತ್ತಾರೆ. ಅವಕ್ಕೆ ಹೂವೆಂದು ಹೆಸರು. ಚಳಿ ತಡೆಯುವುದರಲ್ಲಿ ಆ ಹೂವುಗಳ ಪಾಲು ಏನೂ ಇಲ್ಲ. ಆದರೆ ಅವಿಲ್ಲದ ಕವಂದಿ ಬತ್ತಲೆಯೆಂದು ಅವರ ಭಾವನೆ. 2004ರಲ್ಲಿ, ಆಫ್ರಿಕನ್ ಕಲೆಯ ವಿದ್ವಾಂಸರಾದ ಹೆನ್ರಿ ಡ್ರೂವಲ್ ಮೊದಲಾದವರ ನೆರವಿನಿಂದ, ಅವರದೊಂದು ಸಹಕಾರ ಸಂಘವೂ ಪ್ರಾರಂಭವಾಗಿ ಕವಂದಿಗಳು ದೂರದ ದೇಶಗಳಿಗೆ ಮಾರಾಟಕ್ಕೆ ಹೋದವು. ಮಾರುವ ಕವಂದಿಗೂ ಹೂವು ಬೇಕೇ ಎಂದು ವ್ಯಾಪಾರದ ಬುದ್ಧಿ ಕೇಳಬಹುದು. ಆ ಪ್ರಶ್ನೆಯನ್ನು ಕೇಳಿದ ದಿನವೇ ಕೈಗೆಲಸ ಕಾರ್ಖಾನೆಯ ಕಡೆಗೆ ಒಂದು ಹೆಜ್ಜೆ ಇಟ್ಟಿತೆಂದು ನನ್ನ ಎಣಿಕೆ.

ಇದೇ ಪ್ರಶ್ನೆ ಅಮೆರಿಕದ ಕರಿಯ ಹೆಂಗಸರಿಗೂ ಎದುರಾಗಿತ್ತು. ಅಲಬಾಮಾ ಸಂಸ್ಥಾನದ ಜೀಸ್ ಬೆಂಡ್ ಮತ್ತು ಅದರ ನೆರೆಯ ಹಳ್ಳಿಗಳವರು ಕೆಲಸದ ಉಡುಪುಗಳ ಹರಕುಗಳಿಂದ ಮನೆಮಂದಿಗೆ ಹೊದಿಕೆ ಹೊಲಿಯುತ್ತಿದ್ದರು. ಮತದಾನದ ಹಕ್ಕಿನ ಹೋರಾಟದ ಬೆನ್ನಿಗೇ, 1966ರಲ್ಲಿ, ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘವನ್ನು ಕಟ್ಟಿ ಮಾರಾಟಕ್ಕೂ ಹೊಲಿಯತೊಡಗಿದರು. ದೊಡ್ಡ ಅಂಗಡಿಗಳಿಗೆ ಬೇಕಾದದ್ದು ಒಂದರಂತೆ ಇನ್ನೊಂದು, ಅಳತೆ ತಪ್ಪದ ಮಾಲು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ದಿಂಬಿನ ಚೀಲಗಳನ್ನು ಹೊಲಿದುಕೊಡುವ ಒಪ್ಪಂದವಾಯಿತು. ಹೊಲಿದು ಕೊಟ್ಟರು, ಹಣ ಬಂತು. ಆ ಬಟ್ಟೆಯ ಉಳಿಕೆ ಚೂರುಗಳನ್ನು ಮನೆಗೆ ಒಯ್ದು, ಯಾವ ಅಳತೆಗೂ ಒಗ್ಗದಂತೆ, ತಮ್ಮ ಮನಸ್ಸಿಗೆ ಬಂದಂತೆ ಹೊದಿಕೆಗಳನ್ನು ಮಾಡಿಕೊಂಡರು. 2002ರಲ್ಲಿ ಜೀಸ್ ಬೆಂಡಿನ ಹೊದಿಕೆಗಳು ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿಯೂ ಗೋಡೆಯೇರಿದವು.

ನಮ್ಮ ಮೇಳದ ಮೇಜಿನ ಮುಂದೆ ಕುಳಿತಾಕೆ ಹಾಳೆಯೊಂದರಲ್ಲಿ ಬಟ್ಟೆಯ ಲೆಕ್ಕವನ್ನು ಬಿಟ್ಟು ಹೊತ್ತಿನ ಲೆಕ್ಕವನ್ನು ಮಾತ್ರ ಬರೆಯಲಿ: ಆಯ್ದದ್ದು ಇಷ್ಟು, ಜೋಡಿಸಿದ್ದು ಇಷ್ಟು, ಪಟ್ಟಿ ಕೊಟ್ಟದ್ದು ಇಷ್ಟು. ಗದ್ದೆಯಲ್ಲಿ ಅಷ್ಟೇ ಹೊತ್ತು ನಾಟಿ ಮಾಡಿದ್ದರೆ ಬರುತ್ತಿದ್ದ ಕೂಲಿಯನ್ನು ಅದರ ಪಕ್ಕದಲ್ಲಿ ಬರೆಯಲಿ. ಆ ಮೊತ್ತಕ್ಕೆ ಮಾಲು ಹೋಗದಿದ್ದರೆ ಅದನ್ನು ಅರ್ಧಕ್ಕೆ ಮಾರುವುದಕ್ಕಿಂತ ಯಾರಿಗಾದರೂ ಕೊಟ್ಟುಬಿಡುವುದು ಮೇಲು. ಕೊಳ್ಳುವವರಿಗೆ ನನ್ನ ಕೋರಿಕೆ ಒಂದೇ. ಎಷ್ಟೋ ಮನೆಗಳಲ್ಲಿ ಹೊಸ ಜೊತೆ ಮಸಿಯಾದೀತೆಂದು ಗೋಡೆಯ ಮೇಲೆ ಚಿತ್ರದಂತೆ ತೂಗುತ್ತಿರುತ್ತದೆ. ಅದರ ಕೆಳಗೇ ಯಜಮಾನಿತಿ ಸೆರಗಿನಿಂದ ಕುದಿಯುವ ಸಾರಿನ ಪಾತ್ರೆಯನ್ನು ಇಳಿಸುತ್ತಿರುತ್ತಾಳೆ. ದಯಮಾಡಿ ಅದನ್ನು ಕುಣಿಕೆಯಿಂದ ಬಿಡಿಸಿಕೊಳ್ಳಿ.