ಮಗು ಎಲ್‌ಕೆಜಿಗೆ ಹೊರಟಾಗ ಮನೆಯೂ ಸಿದ್ಧವಾಗಬೇಕು

ಕರಾವಳಿಯಲ್ಲಿ ಮಳೆಗಾಲವೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಹೊಸ ಚೀಲ, ಹೊಸ ರೈನ್‌ಕೋಟು, ನೀರಿನ ಬಾಟಲಿ ಎಲ್ಲವೂ ಮೇ ತಿಂಗಳ ಕೊನೆಗೇ ಮನೆ ಸೇರಿರುತ್ತವೆ. ಆದರೆ ಅದುವರೆಗೆ ಅಮ್ಮನನ್ನೋ ಅಜ್ಜಿಯನ್ನೋ ಬಿಟ್ಟಿರದ ಪುಟಾಣಿ ತರಗತಿಯ ಬಾಗಿಲಲ್ಲಿ ಅಳಲು ತೊಡಗಿದಾಗ ಹೆತ್ತವರು ಕಂಗಾಲಾಗುತ್ತಾರೆ. ಚೀಲ ಸಿದ್ಧವಾದಷ್ಟು ಮನೆಮಂದಿ ಸಿದ್ಧರಾಗಿರುವುದಿಲ್ಲ.

ಅಳು ಏಕೆ?

ಮೂರು ನಾಲ್ಕು ವರ್ಷದ ಮಗುವಿಗೆ ಗಡಿಯಾರ ತಿಳಿಯದು. 'ಹನ್ನೆರಡೂವರೆಗೆ ಬರುತ್ತೇನೆ' ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಅಮ್ಮ ಹೋದಳು ಎಂಬುದಷ್ಟೇ ಕಾಣುತ್ತದೆ, ಮರಳಿ ಬರುತ್ತಾಳೆ ಎಂಬುದಕ್ಕೆ ಇನ್ನೂ ಅನುಭವದ ಆಧಾರವಿಲ್ಲ. ಆದುದರಿಂದ ಈ ಅಳು ಹಠವಲ್ಲ, ಬುದ್ಧಿ ಕಡಿಮೆ ಎಂಬುದರ ಗುರುತೂ ಅಲ್ಲ. ಹೆಚ್ಚಿನ ಮಕ್ಕಳು ಹೆತ್ತವರು ಮರೆಯಾದ ಸ್ವಲ್ಪ ಹೊತ್ತಿಗೇ ಸುಮ್ಮನಾಗುತ್ತಾರೆ. ಕೆಲವು ವಾರಗಳಲ್ಲಿ ಬಹುತೇಕ ಮಕ್ಕಳು ಹೊಂದಿಕೊಳ್ಳುತ್ತಾರೆ.

ಹೇಳದೆ ಜಾರಿಕೊಳ್ಳಬೇಡಿ

ಮಗು ಆಟಿಕೆ ನೋಡುತ್ತಿರುವಾಗ ಹಿಂದಿನಿಂದ ಮೆಲ್ಲನೆ ಹೊರಡುವುದು ನಮ್ಮಲ್ಲಿ ಸಾಮಾನ್ಯ ಉಪಾಯ. ಆ ದಿನ ಅದು ಫಲಿಸಬಹುದು. ಆದರೆ ಕಣ್ಣು ತಪ್ಪಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂದು ಮಗು ಕಲಿಯುತ್ತದೆ, ಮರುದಿನ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮುದ್ದಿಸಿ, 'ಊಟದ ಹೊತ್ತಿಗೆ ನಾನೇ ಬರುತ್ತೇನೆ' ಎಂದು ಮಗುವಿಗೆ ತಿಳಿಯುವ ಗುರುತು ಹೇಳಿ, ಕೈಬೀಸಿ ಹೊರಡಿ. ಕಿಟಕಿಯಲ್ಲಿ ಇಣುಕುವುದು, ಅಳು ಕೇಳಿ ಮತ್ತೆ ಮರಳುವುದು ಬೇಡ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ.

'ಇರು, ಶಾಲೆಗೆ ಹಾಕುತ್ತೇನೆ, ಟೀಚರ್ ಸರಿ ಮಾಡುತ್ತಾರೆ' ಎಂದು ಮನೆಯಲ್ಲಿ ಹೆದರಿಸುವ ಅಭ್ಯಾಸವನ್ನೂ ಬಿಡಬೇಕು. ಹೆದರಿಸಿದ ಜಾಗಕ್ಕೆ ಮಗು ನಗುತ್ತಾ ಹೋಗುವುದಾದರೂ ಹೇಗೆ? ಅಜ್ಜಿ 'ಪಾಪ, ಇವತ್ತು ಬೇಡ' ಎಂದೂ ತಂದೆ 'ಹೋಗಲೇಬೇಕು' ಎಂದೂ ಮಗುವಿನ ಮುಂದೆಯೇ ವಾದಿಸಿದರೆ ಅಳು ಮುಂದುವರಿಯುತ್ತದೆ. ಮನೆಯ ಮಾತು ಒಂದೇ ಆಗಿರಲಿ.

ಮನೆಯ ಭಾಷೆ, ಶಾಲೆಯ ಭಾಷೆ

ನಮ್ಮ ಊರಿನ ಮಗುವಿಗೆ ಇನ್ನೊಂದು ಕಷ್ಟವಿದೆ. ಕೊಂಕಣಿ ಮನೆಯ ಮಗುವಿಗೆ ನೀರು ಎಂದರೆ 'ಉದಾಕ್'. ತುಳು ಮನೆಯ ಮಗು 'ನೀರ್' ಎನ್ನುತ್ತದೆ. ತರಗತಿಯಲ್ಲಿ ಕೇಳಿಸುವುದು 'ವಾಟರ್'. ಬಾಯಾರಿಕೆ, ಮೂತ್ರ, ಹೊಟ್ಟೆನೋವು ಇವನ್ನು ಹೇಳಲಾಗದೆ ಅಳುವ ಮಕ್ಕಳೂ ಇದ್ದಾರೆ. ಈ ಮೂರ್ನಾಲ್ಕು ಮಾತುಗಳನ್ನು ಶಾಲೆಯ ಭಾಷೆಯಲ್ಲಿ ಮೊದಲೇ ಕಲಿಸಿ. ಮಗು ಮನೆಯಲ್ಲಿ ಬಳಸುವ ಶಬ್ದಗಳನ್ನು ಒಂದು ಚೀಟಿಯಲ್ಲಿ ಬರೆದು ಶಿಕ್ಷಕಿಗೆ ಕೊಡಿ. ಆದರೆ ಇದಕ್ಕಾಗಿ ಮನೆಯ ಭಾಷೆಯನ್ನು ನಿಲ್ಲಿಸುವ ಅಗತ್ಯವಿಲ್ಲ. ಮಕ್ಕಳು ಎರಡು ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯಬಲ್ಲರು.

ನಿದ್ದೆ, ಮಳೆ, ರಜೆ

ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಟಿವಿ, ಮೊಬೈಲ್ ನೋಡಿದ ಮಗು ಬೆಳಿಗ್ಗೆ ಅಳುವುದು ಶಾಲೆಗಲ್ಲ, ನಿದ್ದೆಗೆ. ಶಾಲೆ ತೆರೆಯುವ ಎರಡು ವಾರ ಮೊದಲೇ ಮಲಗುವ, ಏಳುವ ಸಮಯವನ್ನು ಸರಿಪಡಿಸಿ. ಬುತ್ತಿಯ ಮುಚ್ಚಳ ತೆರೆಯುವುದು, ಚಡ್ಡಿ ಜಾರಿಸುವುದು, ಒದ್ದೆ ರೈನ್‌ಕೋಟು ಕಳಚುವುದು ಇವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ತಾನೇ ಮಾಡಬಲ್ಲೆ ಎಂದು ತಿಳಿದ ಮಗುವಿನ ಭಯ ಅರ್ಧ ಕಡಿಮೆಯಾಗುತ್ತದೆ.

ಮಕ್ಕಳು ಒಟ್ಟುಸೇರುವಲ್ಲಿ ಶೀತ, ಜ್ವರ ಮೊದಲ ತಿಂಗಳುಗಳಲ್ಲಿ ಹೆಚ್ಚು. ಜ್ವರವಿದ್ದಾಗ ಔಷಧಿ ಕುಡಿಸಿ ಕಳುಹಿಸಬೇಡಿ. ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರಿದ ಮರುದಿನ ಅಳು ಮತ್ತೆ ಬಂದರೆ ಗಾಬರಿ ಬೇಡ. ಅದು ಬೇಗನೆ ಇಳಿಯುತ್ತದೆ.

ತಂದೆ ಗಲ್ಫಿನಲ್ಲಿದ್ದರೆ

ನಮ್ಮ ಅನೇಕ ಮನೆಗಳಲ್ಲಿ ತಾಯಿಯೊಬ್ಬಳೇ ಇದನ್ನೆಲ್ಲ ನಿಭಾಯಿಸಬೇಕು. ಇಲ್ಲಿ ಬೆಳಿಗ್ಗೆ 8.30 ಆದಾಗ ದುಬೈಯಲ್ಲಿ 7, ಕುವೈತಿನಲ್ಲಿ 6 ಗಂಟೆ. ಹೊರಡುವ ಗಡಿಬಿಡಿಯಲ್ಲಿ ಕರೆ ಮಾಡಿ ಮಗುವಿನ ಅಳು ಹೆಚ್ಚಿಸುವ ಬದಲು, ಸಂಜೆ ನಿಶ್ಚಿತ ಸಮಯದಲ್ಲಿ ಮಾತನಾಡುವುದು ಒಳ್ಳೆಯದು. 'ಏನು ಬರೆದೆ?' ಎಂದಲ್ಲ, 'ಯಾರ ಹತ್ತಿರ ಕುಳಿತೆ?' ಎಂದು ಕೇಳಿ.

ಅವಸರ ಬೇಡ

ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರಕಾರ 2022ರಲ್ಲಿ ಆದೇಶಿಸಿತು. 2025-26ನೇ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ನೀಡಲಾಯಿತು. ಈ ಲೆಕ್ಕದಲ್ಲಿ ಎಲ್‌ಕೆಜಿಗೆ 4 ವರ್ಷ ಸರಿಯಾದ ಪ್ರಾಯ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಅಲ್ಲಿ ಆಟ, ಹಾಡು, ಗಿಡ ನೆಡುವುದೇ ಪಾಠ. ತೋಟದ ಗಿಡವನ್ನು ಎಳೆದು ಉದ್ದ ಮಾಡಲಾಗದು. ಮೊದಲ ತಿಂಗಳಲ್ಲೇ ಪಕ್ಕದ ಮನೆಯ ಮಗು ಎಷ್ಟು ಅಕ್ಷರ ಬರೆಯಿತು ಎಂದು ಹೋಲಿಸುವುದರಿಂದ ಲಾಭವಿಲ್ಲ.

ತಿಂಗಳು ಕಳೆದರೂ ಅಳು ಕಡಿಮೆಯಾಗದೆ, ಮಗು ಊಟ ಬಿಟ್ಟರೆ, ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಹೆದರಿದರೆ ಅದನ್ನು ಹಗುರವಾಗಿ ಕಾಣಬಾರದು. ಶಿಕ್ಷಕಿಯೊಡನೆ ಮಾತನಾಡಿ, ಮಕ್ಕಳ ವೈದ್ಯರನ್ನು ಕಾಣಿರಿ. ಹಿಂಸೆಯ ಸಂಶಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಉಳಿದಂತೆ, ಮಗುವನ್ನು ನಂಬಿ, ಶಿಕ್ಷಕಿಯನ್ನು ನಂಬಿ. ನೀವು ಹೇಳಿದ ಹೊತ್ತಿಗೆ ಗೇಟಿನ ಬಳಿ ನಿಂತಿದ್ದರೆ ಮಗುವೂ ನಿಮ್ಮನ್ನು ನಂಬುತ್ತದೆ.