ಗುರಿ ಖಾಲಿ ಆಕಾಶಕ್ಕೆ

ಬಲಗಡೆಯಿಂದ ಜರ್ಮನ್ ಫೈಟರ್ ನುಗ್ಗಿ ಬರುತ್ತಿದೆ. ಅದರ ಮೂತಿ ನೇರ ನಿಮ್ಮ ಕಡೆಗೇ ಇದೆ. ನೀವು ಬಿ-17 ಬಾಂಬರಿನ ಪಕ್ಕದ ಕಿಟಕಿಯಲ್ಲಿ ಮೆಷಿನ್‌ಗನ್ ಹಿಡಿದು ನಿಂತಿದ್ದೀರಿ. ಗುರಿ ಎಲ್ಲಿಗೆ ಇಡಬೇಕು? ಫೈಟರಿಗೇ ಇಟ್ಟರೆ ಗುಂಡು ತಪ್ಪುತ್ತದೆ. ಹಾರುವ ಹಕ್ಕಿ ಹೊಡೆದು ಅಭ್ಯಾಸವಿದ್ದವರ ಕೈ ತಾನಾಗಿ ಅದರ ಮುಂದಕ್ಕೆ ಹೋಗುತ್ತದೆ. ಹಾಗೆ ಹೊಡೆದರೆ ಇನ್ನೂ ದೂರ ತಪ್ಪುತ್ತದೆ. ಸರಿಯಾದ ಜಾಗ ಇರುವುದು ಫೈಟರಿಗೂ ನಿಮ್ಮದೇ ವಿಮಾನದ ಬಾಲಕ್ಕೂ ನಡುವೆ, ಏನೂ ಇಲ್ಲದ ಆಕಾಶದಲ್ಲಿ.

1943ರಲ್ಲಿ ಇಂಗ್ಲೆಂಡಿನಿಂದ ಹಗಲುಹೊತ್ತಿನಲ್ಲೇ ಜರ್ಮನಿಗೆ ಹಾರುತ್ತಿದ್ದ ಅಮೆರಿಕದ ಎಂಟನೇ ವಾಯುಪಡೆಯ ಗನ್ನರುಗಳು ಈ ಪ್ರಶ್ನೆಗೆ ಅರ್ಧ ಸೆಕೆಂಡಿನೊಳಗೆ ಉತ್ತರ ಕಂಡುಕೊಳ್ಳಬೇಕಿತ್ತು. ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು.

ಉತ್ತರ ಹಾಗೇಕೆ? ಮುಂಜಾನೆ ಪೇಪರ್ ವ್ಯಾನಿನವರು ಬಂಡಲನ್ನು ಅಂಗಡಿ ಬರುವುದಕ್ಕೆ ತುಸು ಮೊದಲೇ ಎಸೆಯುವುದನ್ನು ನೋಡಿರುತ್ತೀರಿ. ವ್ಯಾನಿನ ವೇಗ ಬಂಡಲಿಗೂ ಇರುತ್ತದೆ. ಅಂಗಡಿಯ ನೇರಕ್ಕೆ ಬಂದಾಗ ಎಸೆದರೆ ಅದು ಮುಂದೆ ಹೋಗಿ ಬೀಳುತ್ತದೆ. 12.7 ಮಿ.ಮೀ. ಬ್ರೌನಿಂಗ್ ಗನ್ನಿನ ಗುಂಡು ಸೆಕೆಂಡಿಗೆ ಸುಮಾರು 880 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಬಾಂಬರ್ ಗಂಟೆಗೆ 400 ಕಿ.ಮೀ. ವೇಗದಲ್ಲಿದ್ದರೆ ಆ ಗುಂಡಿಗೆ ಸೆಕೆಂಡಿಗೆ 110 ಮೀಟರಿನಷ್ಟು ಮುಮ್ಮುಖ ವೇಗವೂ ಸೇರಿಕೊಳ್ಳುತ್ತದೆ. ಅರ್ಧ ಕಿಲೋಮೀಟರ್ ದೂರದ ಫೈಟರನ್ನು ತಲುಪುವಷ್ಟರಲ್ಲಿ ಗುಂಡು ಐವತ್ತು ಅರವತ್ತು ಮೀಟರ್ ಮುಂದಕ್ಕೆ ಸರಿದಿರುತ್ತದೆ. ಫೈಟರಿನ ಉದ್ದ ಒಂಬತ್ತು ಮೀಟರ್. ಅಷ್ಟನ್ನೂ ಹಿಂದಕ್ಕೆ, ಬಾಲದ ಕಡೆಗೆ ಕಳೆದು ಹೊಡೆಯದಿದ್ದರೆ ಗುಂಡು ಪೋಲು.

ಫೈಟರಿನ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ ಎಂದು ಕೇಳಬಹುದು. ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆಯುವುದು ಇದೇ ಜಾಗ. ಫೈಟರಿನ ಗನ್ನುಗಳು ಅದರ ಮೂತಿಯಲ್ಲೋ ರೆಕ್ಕೆಯಲ್ಲೋ ಮುಂದಕ್ಕೆ ಮುಖ ಮಾಡಿ ಕೂತಿರುತ್ತವೆ. ಬಾಂಬರಿಗೆ ಹೊಡೆಯಬೇಕೆಂದರೆ ಪೈಲಟ್ ಇಡೀ ವಿಮಾನವನ್ನೇ ಅದರತ್ತ ತಿರುಗಿಸಿಟ್ಟುಕೊಂಡು ಬರಬೇಕು. ಎಂದರೆ ಅವನ ವೇಗ ಹೆಚ್ಚುಕಡಿಮೆ ಗನ್ನರಿನ ಕಣ್ಣಿನ ನೇರಕ್ಕೇ ಇರುತ್ತದೆ, ಅಡ್ಡಕ್ಕೆ ಇರುವುದಿಲ್ಲ. ಆಗ ಅವನ ವೇಗವನ್ನೂ ದೂರವನ್ನೂ ಅಂದಾಜು ಮಾಡುವ ಕಷ್ಟ ಬಹುಪಾಲು ತಪ್ಪುತ್ತದೆ. ಉಳಿಯುವುದು ತನ್ನ ಬಾಂಬರಿನ ವೇಗ ಮತ್ತು ಫೈಟರ್ ಯಾವ ಕೋನದಲ್ಲಿ ಬರುತ್ತಿದೆ ಎಂಬುದು, ಎರಡೇ. ಕೊಲ್ಲಲೆಂದೇ ಬರುವವನ ದಾರಿ ಲೆಕ್ಕಕ್ಕೆ ಸಿಗುತ್ತದೆ. ಸುಮ್ಮನೆ ಅಡ್ಡ ಹಾದುಹೋಗುವವನದು ಸಿಗುವುದಿಲ್ಲ.

ಅಮೆರಿಕದ ಗನ್ನರಿ ಶಾಲೆಗಳು ಇದನ್ನು ಬಾಯಿಪಾಠ ಮಾಡಬಹುದಾದ ಸೂತ್ರಕ್ಕೆ ಇಳಿಸಿದವು. ಗನ್ನಿನ ಮೇಲೆ ಗುರಿ ಹಿಡಿಯಲು ಇದ್ದ ಬಳೆಯಲ್ಲಿ ‘ರ್‍ಯಾಡ್’ ಎಂಬ ಅಳತೆ. ಫೈಟರ್ ನೇರ ಪಕ್ಕದಿಂದ ಬಂದರೆ ಬಾಲದ ಕಡೆಗೆ ಮೂರು ರ್‍ಯಾಡ್, 45 ಡಿಗ್ರಿಗೆ ಬಂದಾಗ ಎರಡು, ಅದರ ಅರ್ಧ ಕೋನಕ್ಕೆ ಒಂದು, ನೇರ ಹಿಂದಿನಿಂದ ಬಂದರೆ ಸೊನ್ನೆ. ಹೈಸ್ಕೂಲಿನ ತ್ರಿಕೋನಮಿತಿ ನೆನಪಿದ್ದವರು 90, 45, 22.5 ಡಿಗ್ರಿಗಳ ಸೈನ್ ಬೆಲೆಗಳನ್ನು ಮೂರರಿಂದ ಗುಣಿಸಿ ನೋಡಲಿ: 3, 2.1, 1.1. ಸೈನ್ ಎಂದರೇನೆಂದೇ ಗೊತ್ತಿಲ್ಲದ ಹುಡುಗನ ಬೆರಳಿಗೆ ಸೈನ್ ಕೋಷ್ಟಕವನ್ನು ಇಳಿಸಿದ್ದರು. ಅದಕ್ಕೂ ಮೊದಲು ಬಂದವರಿಗೆ ಹೊಳೆಯುವ ಟ್ರೇಸರ್ ಗುಂಡುಗಳ ಗೆರೆ ನೋಡಿ ತಿದ್ದಿಕೊಳ್ಳುವುದೇ ಗತಿಯಾಗಿತ್ತು. ಚಲಿಸುವ ವಿಮಾನದಿಂದ ಆ ಗೆರೆ ಬಾಗಿದಂತೆ ಕಂಡು ಕಣ್ಣಿಗೆ ಮೋಸ ಮಾಡುತ್ತಿತ್ತು.

ವಿಮಾನದ ಹೊಟ್ಟೆಯ ಕೆಳಗೆ ಗನ್ನುಗಳ ಸಮೇತ ತಿರುಗುವ ಗೂಡಾದ ಬಾಲ್ ಟರೆಟ್‌ನಲ್ಲಿ ಯಂತ್ರವೇ ಲೆಕ್ಕ ಮಾಡುತ್ತಿತ್ತು. ಸ್ಪೆರಿ ಕಂಪನಿಯ ಈ ಗೋಳದ ಅಡ್ಡಳತೆ ಒಂದು ಮೀಟರಿಗಿಂತ ತುಸುವೇ ಹೆಚ್ಚು. ಗನ್ನರ್ ಮೊಣಕಾಲನ್ನು ಎದೆಯ ಕಡೆಗೆ ಮಡಚಿ ಒಳಗೆ ಮುದುರಿಕೊಂಡರೆ ಅಕ್ಕಪಕ್ಕ ಎರಡು ಗನ್, ಪಾದಗಳ ನಡುವೆ ಗುರಿಗಾಜು. ಶತ್ರುವಿಮಾನದ ರೆಕ್ಕೆಯಗಲವನ್ನು ಮೊದಲೇ ತಿರುಗಣಿಯಲ್ಲಿ ಹೊಂದಿಸಿ, ಗಾಜಿನ ಗೆರೆಗಳ ನಡುವೆ ಆ ರೆಕ್ಕೆ ಸರಿಯಾಗಿ ಕೂರುವಂತೆ ಎಡಗಾಲಿನಿಂದ ಪೆಡಲ್ ಒತ್ತಬೇಕು. ಅದರಿಂದ ಯಂತ್ರಕ್ಕೆ ದೂರ ತಿಳಿಯುತ್ತಿತ್ತು. ಪ್ಯಾರಾಚೂಟಿಗೆ ಸಾಮಾನ್ಯವಾಗಿ ಒಳಗೆ ಜಾಗವಿರಲಿಲ್ಲ. ಬಿ-24 ಲಿಬರೇಟರ್ ಬಾಂಬರುಗಳಲ್ಲೂ ಇಂಥದೇ ಟರೆಟ್ ಇತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಎಚ್‌ಎಎಲ್ ಮತ್ತೆ ಹಾರುವಂತೆ ಮಾಡಿ ನಮ್ಮ ವಾಯುಪಡೆಗೆ ಕೊಟ್ಟಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಅದರಲ್ಲೊಂದು ಈಗ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿದೆ.

ಇಷ್ಟೆಲ್ಲ ಲೆಕ್ಕ ನಡೆಯಬೇಕಿದ್ದ ದೇಹದ ಸ್ಥಿತಿ ಹೇಗಿತ್ತು? ಸುಮಾರು 7,600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಎರಡು ಪಾಲಿಗೂ ಕಡಿಮೆ. ಆಕ್ಸಿಜನ್ ಕೊಳವೆ ಕಳಚಿದರೆ ಮೂರರಿಂದ ಐದು ನಿಮಿಷದಲ್ಲಿ ಬುದ್ಧಿ ಕೈಕೊಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೈಕೊಡುತ್ತಿದೆ ಎಂದು ತನಗೇ ತಿಳಿಯುವುದಿಲ್ಲ. ಎಲ್ಲ ಸೊಗಸಾಗಿದೆ ಎಂದೇ ಅನ್ನಿಸುತ್ತಿರುತ್ತದೆ. ಹಾಗಾಗಿ ಆಗಾಗ ಒಬ್ಬೊಬ್ಬರನ್ನೂ ಇಂಟರ್‌ಫೋನಿನಲ್ಲಿ ಕೂಗಿ ಮಾತಾಡಿಸುತ್ತಿದ್ದರು. ಉಸಿರಿನ ತೇವ ಮಾಸ್ಕಿನೊಳಗೆ ಹೆಪ್ಪುಗಟ್ಟುತ್ತಿತ್ತು. ಕೈಯಿಂದ ಹಿಸುಕಿ ಆ ಮಂಜುಗಡ್ಡೆಯನ್ನು ಒಡೆಯಬೇಕು. ಹೊರಗೆ ಮೈನಸ್ 40 ಡಿಗ್ರಿ, ಪಕ್ಕದ ಗನ್ನರಿನ ಕಿಟಕಿಗೆ ಮೊದಮೊದಲು ಗಾಜೇ ಇಲ್ಲ. ಬರಿಗೈ ಲೋಹಕ್ಕೆ ತಗುಲಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತಿತ್ತು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೊಟ್ಟಿದ್ದರು, ನಿಜ. ಆದರೆ ಆರಂಭದ ಉಡುಪುಗಳಲ್ಲಿ ತಂತಿಗಳನ್ನು ಸರಣಿಯಲ್ಲಿ ಜೋಡಿಸಿದ್ದರಿಂದ ಎಲ್ಲೋ ಒಂದು ಕಡೆ ತುಂಡಾದರೆ ಇಡೀ ಉಡುಪು ತಣ್ಣಗಾಗುತ್ತಿತ್ತು. ಎಂಟನೇ ವಾಯುಪಡೆಯ ಮೊದಲ ವರ್ಷದಲ್ಲಿ ಶತ್ರುವಿನ ಗುಂಡಿಗಿಂತ ಹಿಮಕಡಿತಕ್ಕೆ ಸಿಕ್ಕಿ ಹಾರಾಟ ಬಿಟ್ಟವರೇ ಹೆಚ್ಚು. ತಂತಿಯನ್ನು ಸಮಾಂತರವಾಗಿ ಜೋಡಿಸಬೇಕೆಂಬ ಪಾಠಕ್ಕೆ ಇಷ್ಟೊಂದು ಬೆರಳುಗಳನ್ನು ತೆರಬೇಕಿರಲಿಲ್ಲ.

1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ನಗರದ ಬಾಲ್‌ಬೇರಿಂಗ್ ಕಾರ್ಖಾನೆಗಳ ಮೇಲೆ ಹೊರಟ ಬಿ-17ಗಳಲ್ಲಿ 60 ಮರಳಲಿಲ್ಲ. ಗನ್ನರುಗಳು 186 ಜರ್ಮನ್ ಫೈಟರುಗಳನ್ನು ಕೆಡವಿದ್ದಾಗಿ ಲೆಕ್ಕ ಒಪ್ಪಿಸಿದರು. ನಿಜವಾಗಿ ಬಿದ್ದದ್ದು ಅದರ ಕಾಲುಭಾಗದಷ್ಟು. ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸುವುದಿಲ್ಲ. ಒಂದೇ ಫೈಟರಿಗೆ ಹತ್ತಾರು ವಿಮಾನಗಳಿಂದ ಒಟ್ಟಿಗೆ ಗುಂಡು ಹಾರಿದಾಗ ಅದು ಉರುಳಿದ್ದನ್ನು ಕಂಡ ಪ್ರತಿಯೊಬ್ಬನಿಗೂ ತನ್ನ ಗುಂಡೇ ತಗುಲಿತು ಅನ್ನಿಸುವುದು ಸಹಜ. ಬಾಂಬರುಗಳು ಒತ್ತೊತ್ತಾಗಿ ಹಾರಿದರೆ ತಮ್ಮ ಗನ್ನುಗಳಿಂದಲೇ ತಮ್ಮನ್ನು ಕಾಯ್ದುಕೊಳ್ಳುತ್ತವೆ ಎಂಬ ಮೇಲಿನವರ ನಂಬಿಕೆ ಮಾತ್ರ ಅಂದು ಮುರಿದುಬಿತ್ತು. ದೂರದವರೆಗೆ ಕಾವಲು ಹೋಗಬಲ್ಲ ಮಸ್ಟಾಂಗ್ ಫೈಟರುಗಳು ಬಂದ ಮೇಲೆಯೇ ಪರಿಸ್ಥಿತಿ ತಿರುಗಿದ್ದು.

ರಾತ್ರಿ ಹಾರುತ್ತಿದ್ದ ಬ್ರಿಟಿಷರ ಬಾಂಬರ್ ಕಮಾಂಡಿನಲ್ಲಿ ಫ್ರೀಮನ್ ಡೈಸನ್ ಎಂಬ ಹರೆಯದ ಗಣಿತಜ್ಞನಿದ್ದ. ಮುಂದೆ ಭೌತವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದಾತ. ಲ್ಯಾಂಕಾಸ್ಟರ್ ಬಾಂಬರಿನ ಟರೆಟ್‌ಗಳನ್ನು ತೆಗೆದುಬಿಟ್ಟರೆ ವೇಗ ಗಂಟೆಗೆ 80 ಕಿ.ಮೀ.ನಷ್ಟು ಹೆಚ್ಚುತ್ತದೆ, ವಿಮಾನ ಬಿದ್ದರೂ ಏಳರ ಬದಲು ಐದೇ ಜೀವ ಹೋಗುತ್ತದೆ ಎಂದು ಅವನೂ ಅವನ ಜೊತೆಯವರೂ ವಾದಿಸಿದರು. ಮೇಲ್ಮುಖವಾಗಿ ಹೊಡೆಯುವ ಗನ್ನು ಹೊತ್ತು ಕತ್ತಲಲ್ಲಿ ಹೊಟ್ಟೆಯಡಿಗೆ ನುಸುಳುತ್ತಿದ್ದ ಜರ್ಮನ್ ಫೈಟರುಗಳು ಗನ್ನರಿನ ಕಣ್ಣಿಗೇ ಬೀಳುತ್ತಿರಲಿಲ್ಲ. ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೊತೆಗಾರರನ್ನು ಕಾಯುವ ಗನ್ನರಿನ ಚಿತ್ರ ಅಷ್ಟು ಗಟ್ಟಿಯಾಗಿ ನೆಲೆಯೂರಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತಿದ್ದರು.

1944ರಲ್ಲಿ ಕಾಳಗಕ್ಕೆ ಇಳಿದ ಅಮೆರಿಕದ ಬಿ-29 ಬಾಂಬರಿನಲ್ಲಿ ಗನ್ನರ್ ಒತ್ತಡ ಕಾಯ್ದಿಟ್ಟ ಬೆಚ್ಚಗಿನ ಕೋಣೆಯಲ್ಲಿ ಕೂತು ಗುರಿ ಹಿಡಿದರೆ ಸಾಕಿತ್ತು. ಕೋನ ಕಳೆಯುವುದು, ಕೂಡುವುದು ಎಲ್ಲವನ್ನೂ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಂಪ್ಯೂಟರ್ ಮಾಡಿ, ದೂರದ ಟರೆಟ್ಟನ್ನು ತಾನೇ ತಿರುಗಿಸುತ್ತಿತ್ತು. 1945ರ ಮಾರ್ಚ್ 9ರ ರಾತ್ರಿ ಟೋಕಿಯೊದತ್ತ ಹೊರಟಾಗ ಆ ಬಿ-29ಗಳ ದಳಪತಿ ಜನರಲ್ ಲಿಮೇ ಅವುಗಳ ಬಹುಪಾಲು ಗನ್ನುಗಳನ್ನೂ ಗುಂಡುಗಳನ್ನೂ ಇಳಿಸಿಬಿಟ್ಟ. ಉಳಿದ ತೂಕಕ್ಕೆ ಬೆಂಕಿಬಾಂಬು ತುಂಬಿಸಿದ. ಬೆಳಗಾಗುವಷ್ಟರಲ್ಲಿ ಆ ನಗರದ ಸುಮಾರು ಒಂದು ಲಕ್ಷ ಜನ ಸತ್ತಿದ್ದರು.