ಹೊಸ ಬೀಜ ಗೆದ್ದಿತೋ, ಹೊಲ ಗೆದ್ದಿತೋ?



ಇವೊತ್ತಿನ ಮಾತು ಗೊಬ್ಬರದ್ದಲ್ಲ, ಹುಳುವಿನ ಔಷಧದ್ದೂ ಅಲ್ಲ. ಲೆಕ್ಕದ್ದು. ಲೆಕ್ಕ ಅಂದ ಕೂಡಲೇ ರೇಡಿಯೋ ಕಿವಿ ತಿರುಗಿಸಬೇಡಿ. ವರ್ಷದ ರಾಗಿ, ದನದ ಮೇವು, ಸಾಲದ ಕಂತು, ಮೂರೂ ಈ ಲೆಕ್ಕದ ಮೇಲೆ ನಿಂತಿವೆ.

ಮುಂಗಾರಿಗೆ ಮೊದಲು ಊರಿಗೆ ಒಬ್ಬ ಮಾರಾಟಗಾರ ಬರುತ್ತಾನೆ. “ನಮ್ಮ ಬೀಜ ಹಾಕಿದವರ ಹೊಲದಲ್ಲಿ ಗುಂಟೆಗೆ ಎರಡು ಕೆ.ಜಿ. ರಾಗಿ ಜಾಸ್ತಿ ಬಂದಿದೆ” ಅನ್ನುತ್ತಾನೆ. ಎಕರೆಗೆ 40 ಗುಂಟೆ. ಅಂದರೆ 80 ಕೆ.ಜಿ. ಕೇಳೋದಕ್ಕೆ ಚೆನ್ನಾಗಿದೆ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತಲೂ ಇಟ್ಟುಕೊಳ್ಳಬೇಡಿ. ತೂಕ ಮಾಡಿಯೇ ಹೇಳಿರಬಹುದು. ಆದರೂ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಎರಡು ಕೆ.ಜಿ. ಬೀಜದ ಗುಣವೋ, ಹೊಲದ ಗುಣವೋ?

ನಮ್ಮ ಯಲಹಂಕ, ಹೆಸರಘಟ್ಟ, ರಾಜಾನುಕುಂಟೆ ಕಡೆಯ ಕೆಂಪು ಮಣ್ಣು ನಿಮಗೆ ಗೊತ್ತು. ಒಂದೇ ಹೊಲದಲ್ಲಿ ಕೊಟ್ಟಿಗೆ ಮಗ್ಗುಲು ಕಪ್ಪಾಗಿ ಬೆಳೆಯುತ್ತದೆ, ದಿಣ್ಣೆ ಕಡೆ ಬಾಡುತ್ತದೆ. ಒಂದೇ ಬೀಜವನ್ನು ಎರಡು ತಾಕಿಗೆ ಬಿತ್ತಿದರೂ ತೂಕ ಸಮ ಬರೋದಿಲ್ಲ. ಹಾಗಾದ ಮೇಲೆ ಎರಡು ಬೀಜ ಬಿತ್ತಿದಾಗ ತೂಕ ಬೇರೆ ಬಂದರೆ ಅದರಲ್ಲಿ ಆಶ್ಚರ್ಯವೇನು? ಬಂದ ವ್ಯತ್ಯಾಸ ಹೊಲದ ಸಹಜ ಏರುಪೇರಿಗಿಂತ ದೊಡ್ಡದೇ ಅನ್ನೋದೇ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ವಿದ್ಯೆಯೇ ಸಂಖ್ಯಾಶಾಸ್ತ್ರ.

ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಬೇಸಾಯದ ನೆಲದಲ್ಲೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಷರ್ ಎಂಬ ಗಣಿತಜ್ಞರು ಹೊಲದ ಪ್ರಯೋಗ ಹೂಡುವ ಕ್ರಮವನ್ನು ಹಾಕಿಕೊಟ್ಟರು. ನಮ್ಮ ಹೆಬ್ಬಾಳವೂ ಹಿಂದೆ ಬಿದ್ದ ಜಾಗವಲ್ಲ. ಮೈಸೂರಿನ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆ ನೆಲದಲ್ಲಿ 1899ರಲ್ಲೇ ಡಾಕ್ಟರ್ ಲೇಮನ್ ಅವರ ಕೈಕೆಳಗೆ ಅಲ್ಲಿ ಪ್ರಯೋಗ ಕ್ಷೇತ್ರ ಶುರುವಾಯಿತು. 1946ರಲ್ಲಿ ಅಲ್ಲೇ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ.ಯಲ್ಲಿ ಹುಟ್ಟಿದ ಜಿ.ಪಿ.ಯು.-28, ಎಂ.ಎಲ್.-365 ಮುಂತಾದ ರಾಗಿ ತಳಿಗಳು ನಿಮ್ಮ ಹೊಲಕ್ಕೆ ಬರುವ ಮೊದಲು ಈ ಲೆಕ್ಕದ ಜರಡಿಯನ್ನು ದಾಟಿ ಬಂದವು.

ಈಗ ಜರಡಿ ಹಿಡಿಯೋದು ಹೇಗೆ ನೋಡೋಣ. ಕಾಗದ ಪೆನ್ಸಿಲ್ ಹತ್ತಿರ ಇದ್ದರೆ ತೆಗೆದುಕೊಳ್ಳಿ. ನಾನು ಹೇಳುವ ಅಂಕಿ ಲೆಕ್ಕ ಕಲಿಯುವುದಕ್ಕೆ ಜೋಡಿಸಿದ್ದು, ಯಾವ ತಳಿಯ ಅಳತೆಯೂ ಅಲ್ಲ.

ಎಂಟು ಮನೆಯವರು ಸೇರಿದರು ಅನ್ನಿ. ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಅಕ್ಕಪಕ್ಕ ಎರಡು ಗುಂಟೆ ಅಳೆದು, ಒಂದಕ್ಕೆ ಹೊಸ ಬೀಜ, ಒಂದಕ್ಕೆ ಮನೆ ಬೀಜ ಹಾಕಿದರು. ಯಾವ ಗುಂಟೆಗೆ ಯಾವ ಬೀಜ ಅಂತ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. ಇದು ಆಟವಲ್ಲ. ನಾವೇ ಆರಿಸಿದರೆ ಹೊಸ ಬೀಜ ಗೊತ್ತಿಲ್ಲದೆಯೇ ಒಳ್ಳೆ ತಾಕಿಗೆ ಬೀಳುತ್ತದೆ. ಬಿತ್ತನೆ ದಿನ, ಗೊಬ್ಬರ, ಕಳೆ ಎಲ್ಲ ಎರಡಕ್ಕೂ ಒಂದೇ. ಒಕ್ಕಣೆ ಮಾಡಿ ಒಣಗಿಸಿ ತೂಗಿದಾಗ ಹೊಸ ಬೀಜದ ತೂಕದಲ್ಲಿ ಮನೆ ಬೀಜದ ತೂಕ ಕಳೆದರೆ ಗುಂಟೆಗೆ ಬಂದ ವ್ಯತ್ಯಾಸ, ಕೆ.ಜಿ.ಯಲ್ಲಿ, ಹೀಗಿದೆ:

ಹೆಚ್ಚು 5, ಹೆಚ್ಚು 2, ಕಡಿಮೆ 1, ಹೆಚ್ಚು 4, ಹೆಚ್ಚು 3, ಸಮ, ಹೆಚ್ಚು 6, ಕಡಿಮೆ 3.

ಕೂಡಿಸಿ ಎಂಟರಿಂದ ಭಾಗಿಸಿದರೆ ಸರಾಸರಿ 2 ಕೆ.ಜಿ. ಹೆಚ್ಚು. ಮಾರಾಟಗಾರ ಹೇಳಿದ್ದೂ ಇದೇ.

ಮೊದಲ ಪರೀಕ್ಷೆ. “ಎರಡು ಬೀಜಕ್ಕೂ ವ್ಯತ್ಯಾಸವೇ ಇಲ್ಲ” ಅಂತ ಒಂದು ಮಾತು ಮುಂದಿಟ್ಟುಕೊಳ್ಳಿ. ಇದಕ್ಕೆ ಶೂನ್ಯ ಊಹೆ ಅಂತ ಹೆಸರು. ಇದು ನಿಜವಾದರೆ ಪ್ರತಿ ಹೊಲದಲ್ಲಿ ಯಾವ ಬೀಜ ಗೆಲ್ಲುತ್ತದೆ ಅನ್ನೋದು ನಾಣ್ಯ ಚಿಮ್ಮಿದ ಹಾಗೆ. ಸಮ ಬಂದ ಹೊಲ ಬಿಟ್ಟರೆ ಏಳು ಹೊಲ. ಐದರಲ್ಲಿ ಹೊಸದು, ಎರಡರಲ್ಲಿ ಹಳೆಯದು ಗೆದ್ದಿದೆ. ಏಳು ನಾಣ್ಯ ಬೀಳುವ ಬಗೆ ಒಟ್ಟು 128. ಅದರಲ್ಲಿ 58 ಬಗೆಯಲ್ಲಿ ಐದೋ, ಅದಕ್ಕೂ ಹೆಚ್ಚೋ ಒಂದೇ ಕಡೆ ಬೀಳುತ್ತವೆ. ಅಂದರೆ ಬೀಜದಲ್ಲಿ ಏನೂ ಗುಣವಿಲ್ಲದಿದ್ದರೂ ನೂರಕ್ಕೆ 45 ಸಲ ಇಂಥ ಗೆಲುವು ಕಾಣುತ್ತದೆ. ಇದನ್ನು ನಂಬಿ ಹಣ ಹಾಕುತ್ತೀರಾ? ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಅಪರೂಪವಾದರೆ ಮಾತ್ರ ಶೂನ್ಯ ಊಹೆಯನ್ನು ತಳ್ಳಿಹಾಕುವುದು ಸಂಶೋಧಕರ ವಾಡಿಕೆ.

ಎರಡನೆಯದು ವಿಶ್ವಾಸದ ಎಲ್ಲೆ. ಇದು ಗೆಲುವನ್ನು ಎಣಿಸುವುದಷ್ಟೇ ಅಲ್ಲ, ಎಷ್ಟು ಕೆ.ಜಿ. ಅನ್ನೋದನ್ನೂ ಹಿಡಿಯುತ್ತದೆ. ಹೈಸ್ಕೂಲು ಓದುವ ಮಕ್ಕಳಿಂದ ಮಾಡಿಸಿ. ಪ್ರತಿ ಅಂಕಿಯೂ ಸರಾಸರಿ 2ರಿಂದ ಎಷ್ಟು ದೂರವಿದೆ ನೋಡಿ, ಆ ದೂರವನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿದರೆ 68. ಹೊಲಕ್ಕಿಂತ ಒಂದು ಕಡಿಮೆ, ಅಂದರೆ 7ರಿಂದ ಭಾಗಿಸಿದರೆ 9.7. ಅದರ ವರ್ಗಮೂಲ 3.1. ಅದನ್ನು 8ರ ವರ್ಗಮೂಲದಿಂದ ಭಾಗಿಸಿದರೆ 1.1. ಇದನ್ನು 2.365ರಿಂದ ಗುಣಿಸಿದರೆ 2.6. ಈ 2.365 ಎಲ್ಲಿಂದ ಬಂತು? ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್ ಎಂಬುವರು ‘ಸ್ಟೂಡೆಂಟ್’ ಅನ್ನುವ ಮರೆಹೆಸರಿನಲ್ಲಿ 1908ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂತು. ನಾಲ್ಕೆಂಟು ತಾಕಿನ ಅಳತೆ ಮಾತ್ರ ಕೈಯಲ್ಲಿದ್ದಾಗ ಎಷ್ಟು ಅನುಮಾನ ಇಟ್ಟುಕೊಳ್ಳಬೇಕು ಅನ್ನೋದನ್ನು ಅದು ಹೇಳುತ್ತದೆ.

ಹಾಗಾದರೆ ನಿಜವಾದ ವ್ಯತ್ಯಾಸ 2ರಿಂದ 2.6 ಕೆಳಗೆ, 2.6 ಮೇಲೆ. ಅಂದರೆ 0.6 ಕೆ.ಜಿ. ಕಡಿಮೆಯಿಂದ 4.6 ಕೆ.ಜಿ. ಹೆಚ್ಚಿನವರೆಗೆ. ಸೊನ್ನೆ ಇದರೊಳಗೇ ಇದೆ. ಆದ್ದರಿಂದ “ವ್ಯತ್ಯಾಸವಿಲ್ಲ” ಅನ್ನುವ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಪರೀಕ್ಷೆ, ಎಲ್ಲೆ ಎರಡೂ ಒಂದೇ ಎತ್ತಿನ ಎರಡು ಕೊಂಬು: ಎಲ್ಲೆಯ ಹೊರಗೆ ಬಿದ್ದ ಊಹೆ ತಳ್ಳಿಹೋಗುತ್ತದೆ, ಒಳಗಿದ್ದದ್ದು ಉಳಿಯುತ್ತದೆ.

ಇದಕ್ಕೆ ‘ನೂರಕ್ಕೆ 95ರ ವಿಶ್ವಾಸ’ ಅನ್ನುತ್ತಾರೆ. ಈ ಮಾತಿನ ಅರ್ಥ ಸರಿಯಾಗಿ ತಿಳಿಯಬೇಕು. ಕತ್ತಲೆಯಲ್ಲಿ ಒಂದು ಕೋಳಿ ಅಲ್ಲಾಡದೆ ಕೂತಿದೆ. ಸದ್ದಿನ ಜಾಡು ಹಿಡಿದು ನಾವು ಮಂಕರಿ ಮುಚ್ಚುತ್ತೇವೆ. ಕೋಳಿ ನಿಜವಾದ ವ್ಯತ್ಯಾಸ, ಮಂಕರಿ ನಮ್ಮ ಲೆಕ್ಕ. ಇದೇ ಕ್ರಮದಲ್ಲಿ ನೂರು ಸಲ ಮುಚ್ಚಿದರೆ ಸುಮಾರು 95 ಸಲ ಕೋಳಿ ಒಳಗೆ ಸಿಗುತ್ತದೆ. ಈ ಸಲ ಸಿಕ್ಕಿತೇ ಇಲ್ಲವೇ ಅನ್ನೋದನ್ನು ಲೆಕ್ಕ ಹೇಳೋದಿಲ್ಲ. ನಂಬಿಕೆ ಇರೋದು ಮುಚ್ಚುವ ಕ್ರಮದ ಮೇಲೆ. ಈ ತಿಳಿವಳಿಕೆಯನ್ನು 1937ರಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಜೆರ್ಜಿ ನೇಮನ್. ಅವರೂ ಮೊದಲು ಪೋಲೆಂಡಿನ ಒಂದು ಕೃಷಿ ಸಂಸ್ಥೆಯಲ್ಲಿ ಲೆಕ್ಕ ಮಾಡುತ್ತಿದ್ದವರು.

“ಅಲ್ಲ ಸಾರ್, ಬರೀ ಕಾಳು ನೋಡಿದರೆ ಆಯ್ತಾ? ಹುಲ್ಲು ಕಡಿಮೆ ಬಂದರೆ ದನಕ್ಕೆ ಏನು ಹಾಕೋದು?” ಅಂತ ನಮ್ಮ ತಾಯಂದಿರು ಕೇಳುತ್ತಾರೆ. ಸರಿಯಾದ ಪ್ರಶ್ನೆ ಅಮ್ಮಾ. ರಾಗಿ ಅಂದರೆ ಕಾಳೂ ಹೌದು, ಮೇವೂ ಹೌದು.

ಅದೇ ಎಂಟು ಹೊಲದಲ್ಲಿ, ಅದೇ ಕ್ರಮದಲ್ಲಿ, ಹುಲ್ಲಿನ ವ್ಯತ್ಯಾಸ ಇದು: ಹೆಚ್ಚು 2, ಕಡಿಮೆ 6, ಕಡಿಮೆ 3, ಕಡಿಮೆ 1, ಕಡಿಮೆ 5, ಕಡಿಮೆ 4, ಹೆಚ್ಚು 3, ಕಡಿಮೆ 10. ಸರಾಸರಿ 3 ಕೆ.ಜಿ. ಕಡಿಮೆ. ಎಲ್ಲೆ ಹಾಕಿದರೆ 6.6 ಕಡಿಮೆಯಿಂದ 0.6 ಹೆಚ್ಚಿನವರೆಗೆ. ಇಲ್ಲೂ ಸೊನ್ನೆ ಒಳಗೇ ಇದೆ. ಕಾಳು ಒಂದೇ ನೋಡಿದರೆ ವ್ಯತ್ಯಾಸ ಸಾಬೀತಿಲ್ಲ, ಹುಲ್ಲು ಒಂದೇ ನೋಡಿದರೂ ಸಾಬೀತಿಲ್ಲ.

ಎರಡನ್ನೂ ಜೊತೆಗಿಟ್ಟು ನೋಡಿ. ಮೊದಲ ಹೊಲ: ಕಾಳು 5 ಹೆಚ್ಚು, ಹುಲ್ಲು 2 ಮಾತ್ರ ಹೆಚ್ಚು. ಎರಡನೆಯದು: ಕಾಳು 2 ಹೆಚ್ಚು, ಹುಲ್ಲು 6 ಕಡಿಮೆ. ಹೀಗೆ ಎಂಟಕ್ಕೆ ಎಂಟು ಹೊಲದಲ್ಲೂ ಹುಲ್ಲು ಕಾಳಿಗಿಂತ ಹಿಂದೆ ಬಿದ್ದಿದೆ! ಎಂಟು ನಾಣ್ಯವೂ ಒಂದೇ ಮುಖ ಬೀಳೋದು 256 ಬಗೆಯಲ್ಲಿ ಎರಡೇ ಎರಡು. ನೂರಕ್ಕೆ ಒಂದೂ ಇಲ್ಲ.

ಇಲ್ಲಿ ಮಂಕರಿಯ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ. ಅಂಗಳದಲ್ಲಿ ಎಡದಿಂದ ಬಲಕ್ಕೆ ಕಾಳು, ಹಿಂದಿನಿಂದ ಮುಂದಕ್ಕೆ ಹುಲ್ಲು ಅಂತ ಗೆರೆ ಎಳೆದು, ಒಂದೊಂದು ಹೊಲಕ್ಕೆ ಒಂದೊಂದು ಕಲ್ಲಿಡಿ. ಕಾಳು ಹೆಚ್ಚಿದ ಕಡೆ ಹುಲ್ಲೂ ಮೇಲೇಳುವುದರಿಂದ ಕಲ್ಲುಗಳು ಓರೆಯಾಗಿ ಸಾಲುಗಟ್ಟುತ್ತವೆ. ಮುಚ್ಚುವ ಮಂಕರಿಯೂ ಓರೆಯಾಗಿಟ್ಟ ಸೌತೆಕಾಯಿಯ ಆಕಾರ. ಎರಡು ಅಳತೆಯನ್ನು ಕೂಡಿ ಹಿಡಿಯುವ ಈ ಜಾಗವೇ ವಿಶ್ವಾಸ ವಲಯ. “ಕಾಳಿಗೂ ಸೊನ್ನೆ, ಹುಲ್ಲಿಗೂ ಸೊನ್ನೆ” ಅನ್ನುವ ಚುಕ್ಕೆ ಈ ಸೌತೆಕಾಯಿಯ ಪಕ್ಕಕ್ಕೆ, ಹೊರಗೆ ಬೀಳುತ್ತದೆ. 1931ರಲ್ಲಿ ಹೊಟೆಲಿಂಗ್ ಎಂಬುವರು ಕೊಟ್ಟ ಸೂತ್ರದಂತೆ ಲೆಕ್ಕ ಹಾಕಿದರೆ ವಲಯದ ಅಂಚು 12, ಆ ಚುಕ್ಕೆಯ ದೂರ 44. ಒಳಗಿದೆ ಅನ್ನುವ ಮಾತೇ ಇಲ್ಲ.

ಹಾಗಾದರೆ ತೀರ್ಮಾನ ಏನು? ಎರಡು ಬೀಜ ಒಂದೇ ಅಲ್ಲ. ಕಾಳು ನಿಜವಾಗಿ ಎಷ್ಟು ಹೆಚ್ಚಿತು, ಹುಲ್ಲು ಎಷ್ಟು ಇಳಿಯಿತು ಅಂತ ಬೇರೆಬೇರೆಯಾಗಿ ಹೇಳಲಾರೆವು. ಕಾಳಿನ ಎದುರು ಹುಲ್ಲಿನ ಪಾಲು ಕಡಿಮೆಯಾಗಿದೆ ಅಂತ ಹೇಳಬಲ್ಲೆವು. ಕಾಳು ಮಾರುವ ಮನೆಗೆ ಇದು ಒಗ್ಗಬಹುದು. ಕೊಟ್ಟಿಗೆಯಲ್ಲಿ ನಾಲ್ಕು ದನ ಕಟ್ಟಿದ ಮನೆ, ಸರಾಸರಿ ಹಿಡಿದರೂ ಎಕರೆಗೆ 120 ಕೆ.ಜಿ. ಹುಲ್ಲು ಇಳಿಯುವುದನ್ನು ಎರಡು ಸಲ ಯೋಚಿಸಬೇಕು.

ತಪ್ಪು ಎರಡು ಬಗೆ ಅನ್ನೋದು ನೆನಪಿಡಿ. ಇಲ್ಲದ ಗುಣ ಇದೆ ಅಂತ ನಂಬಿ ಹಣ ಕಳೆಯುವುದು ಒಂದು. ಇರುವ ಗುಣ ಕಾಣದೆ ಒಳ್ಳೆ ಬೀಜ ಬಿಡುವುದು ಇನ್ನೊಂದು. “ಸಾಬೀತಾಗಲಿಲ್ಲ” ಅಂದರೆ “ಗುಣವಿಲ್ಲ” ಅಂತಲ್ಲ. ಎಂಟು ಹೊಲ ಸಾಲದೇ ಇರಬಹುದು. ಹೊಲ ನಾಲ್ಕರಷ್ಟಾದರೆ ಎಲ್ಲೆ ಸುಮಾರು ಅರ್ಧವಾಗುತ್ತದೆ. 32 ಮನೆ ಸೇರಿ, ಸರಾಸರಿ ಏರುಪೇರು ಹೀಗೇ ಇದ್ದರೆ, ಕಾಳಿನ ಎಲ್ಲೆ 0.9ರಿಂದ 3.1 ಕೆ.ಜಿ. ಆಗುತ್ತಿತ್ತು. ಆಗ ಸೊನ್ನೆ ಹೊರಗೆ. ಒಬ್ಬರ ಕೈಲಾಗದ್ದು ಊರು ಸೇರಿದರೆ ಆಗುತ್ತದೆ ಅನ್ನೋದಕ್ಕೆ ಇದು ಲೆಕ್ಕದ ಸಾಕ್ಷಿ.

ಇನ್ನೊಂದು ಎಚ್ಚರಿಕೆ. ಗುಣವೇ ಇಲ್ಲದ 20 ಟಾನಿಕ್ಕುಗಳನ್ನು ಹೀಗೆ ಪರೀಕ್ಷಿಸಿದರೆ, ನೂರಕ್ಕೆ 5ರ ಲೆಕ್ಕದಲ್ಲಿ ಸರಾಸರಿ ಒಂದು ಅದೃಷ್ಟದಿಂದಲೇ ಪಾಸಾಗುತ್ತದೆ. ಪಾಸಾದ ಒಂದನ್ನು ತೋರಿಸುವವರನ್ನು “ಉಳಿದ 19 ಏನಾಯಿತಣ್ಣ?” ಅಂತ ಕೇಳಿ.

ಕೃಷಿಮೇಳಕ್ಕೆ ಹೋದಾಗ ಪ್ರಯೋಗದ ಪಟ್ಟಿಗಳ ಕೆಳಗೆ ‘ಸಿ.ಡಿ.’ ಅಂತ ಒಂದು ಅಂಕಿ ನೋಡಿ. ಎರಡು ತಳಿಯ ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಉದಾಹರಣೆಯ 2.6 ಅಂಥದ್ದೇ. ‘ಎನ್.ಎಸ್.’ ಅಂತ ಬರೆದಿದ್ದರೆ ವ್ಯತ್ಯಾಸ ಸಾಬೀತಾಗಿಲ್ಲ ಅಂತ ಅರ್ಥ.

ಕೊನೆಗೆ ಮಾಡಬೇಕಾದ್ದು ಇಷ್ಟು. ಹೊಸ ಬೀಜ ಬಂದರೆ ಮೊದಲ ವರ್ಷ ಒಂದೆರಡು ಗುಂಟೆಗೆ ಮಾತ್ರ ಹಾಕಿ. ಪಕ್ಕದಲ್ಲೇ ಮನೆ ಬೀಜವಿರಲಿ. ಜಾಗವನ್ನು ನಾಣ್ಯ ಆರಿಸಲಿ. ಬದುವಿನ ಅಂಚಿನ ಸಾಲು ಬಿಟ್ಟು ಕೊಯ್ಯಿರಿ. ಕಾಳು, ಹುಲ್ಲು ಎರಡನ್ನೂ ತೂಗಿ ಬರೆದಿಡಿ. ಒಬ್ಬರೇ ಮಾಡಬೇಡಿ, ಎಂಟು ಹತ್ತು ಮನೆಯವರು ಸೇರಿ. ಒಂದು ವರ್ಷದ ಮಳೆ ಇನ್ನೊಂದು ವರ್ಷಕ್ಕಿಲ್ಲ, ಹಾಗಾಗಿ ಎರಡು ಮೂರು ಮುಂಗಾರು ನೋಡಿ. ಅಲ್ಲಿಯವರೆಗೆ ಮನೆ ಬೀಜದ ಮಡಕೆ ಬರಿದಾಗದಿರಲಿ.

ಅಂಕಿ ಬರೆದ ಚೀಟಿ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಲೆಕ್ಕ ಕೂತು ಮಾಡೋಣ.